ವರದಿಗಾರನಾಗಲು ವಿಡಿಯೊ ಎಡಿಟಿಂಗ್ ಕಲಿಯಲೇಬೇಕೇ?

ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ ನೀವು ಬರವಣಿಗೆಯನ್ನೇ ನೆಚ್ಚಿಕೊಳ್ಳಬೇಕೋ, ಸಾಲ ಮಾಡಿಯಾದರೂ ವಿಡಿಯೊ ಎಡಿಟಿಂಗ್ ಕೋರ್ಸ್ ಸೇರಬೇಕೋ ಎಂದು ಕೇಳಿದ್ದೀರಿ. ಇದೇ ತಳಮಳದಲ್ಲಿ ಆ ಕೋರ್ಸಿಗೆ ದುಡ್ಡು ಸುರಿದವನು ನಾನು. ಅದರ ಪ್ರಮಾಣಪತ್ರವನ್ನು ಇಂದಿನವರೆಗೆ ಯಾವ ಸಂಪಾದಕರೂ ಕೇಳಿಲ್ಲ.

2019ರಲ್ಲಿ ನಾನು ಇಲ್ಲಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಆ ವರ್ಷ ವೆಬ್ ವಿಭಾಗವನ್ನೂ ವರದಿಗಳನ್ನು ತಿದ್ದುವ ನಮ್ಮ ಡೆಸ್ಕಿಗೇ ಸೇರಿಸಿದ್ದರಿಂದ, 'ನುಡಿ' ತಂತ್ರಾಂಶದಲ್ಲಿ ಟೈಪಾದ ವರದಿಯನ್ನು ವೆಬ್‌ಸೈಟಿಗೆ ಬೇಕಾದ ಯುನಿಕೋಡ್ ಅಕ್ಷರಗಳಿಗೆ ಬದಲಿಸಿ, ಒಡೆದ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿ, ವೆಬ್‌ಸೈಟಿಗೆ ಏರಿಸಿ, ಅದಕ್ಕೊಂದು ನಿಮಿಷದ ವಿಡಿಯೊ ಮಾಡಿ, ಆಮೇಲೆ ಪತ್ರಿಕೆಯ ಪುಟ ಕಟ್ಟಲು ಕೂರಬೇಕಿತ್ತು. ವಿಡಿಯೊ ಬಲ್ಲವನು ನಾನೊಬ್ಬನೇ ಎಂಬ ಜಂಬವೂ ಇತ್ತೆನ್ನಿ.

ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರಿಗೆ ನೀರು ನುಗ್ಗಿದಾಗ ನಮ್ಮ ಅರೆಕಾಲಿಕ ವರದಿಗಾರರೊಬ್ಬರಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ದೃಶ್ಯ ಬಂತು: ಸೊಂಟಮಟ್ಟದ ನೀರಿನಲ್ಲಿ ಸಿಲುಕಿದ ಬಸ್ಸು, ಜೊತೆಗೆ 'ಬಂಟ್ವಾಳದಲ್ಲಿ ಕೆಎಸ್ಸಾರ್ಟಿಸಿ ಬಸ್' ಎಂಬ ಒಕ್ಕಣೆ. ಅವರು ಕಣ್ಣಾರೆ ಕಂಡೇ ಕಳುಹಿಸಿದ್ದಾರೆಂದು ನಾನು ತಿಳಿದೆ. ಡೆಸ್ಕಿನವರು ವಿಚಾರಿಸಿಕೊಳ್ಳುತ್ತಾರೆಂದು ಅವರು ಬಂದದ್ದನ್ನು ಬಂದ ಹಾಗೆ ದಾಟಿಸಿದ್ದರು. ಒಂದು ಫೋನ್ ಮಾಡಲು ಅರ್ಧ ನಿಮಿಷ ಸಾಕಿತ್ತು. ಅದರ ಬದಲು ನಾನು ಹತ್ತು ನಿಮಿಷ ಕುಳಿತು, ಗದ್ದಲವೆಂದು ಮೂಲ ಧ್ವನಿಯನ್ನು ಅಳಿಸಿ ಹಿನ್ನೆಲೆ ಸಂಗೀತ ಕೂಡಿಸಿದೆ. ಮೊಬೈಲಿಗೆ ಹೊಂದಲೆಂದು ದೃಶ್ಯದ ಎರಡೂ ಬದಿಗಳನ್ನು ಕತ್ತರಿಸಿದೆ. ಅಳಿಸಿದ ಧ್ವನಿಯಲ್ಲಿ ಜನ ಮಲಯಾಳದಲ್ಲಿ ಕೂಗುತ್ತಿದ್ದರು. ಕತ್ತರಿಸಿದ ಅಂಚಿನಲ್ಲಿ ಮಲಯಾಳ ಫಲಕದ ಅಂಗಡಿಯಿತ್ತು. ಅದು 2018ರ ಕೇರಳದ ಪ್ರವಾಹದ ದೃಶ್ಯ. ಕೇರಳದ ಸಾರಿಗೆ ಸಂಸ್ಥೆಯ ಹೆಸರೂ ಕೆಎಸ್ಸಾರ್ಟಿಸಿಯೇ. ಕಾಸರಗೋಡಿನಿಂದ ಬರುವ ಕೇರಳದ ಬಸ್ಸುಗಳನ್ನು ದಿನವೂ ಕಾಣುವ ನಾನು ಅದನ್ನು ಗುರುತಿಸಲಿಲ್ಲ, ಏಕೆಂದರೆ ನನ್ನ ಕಣ್ಣು ಬಸ್ಸಿನ ಮೇಲಿರದೆ ಚೌಕಟ್ಟಿನ ಮೇಲಿತ್ತು. ಪುಟಕ್ಕೆ ಹೋಗುವುದಾಗಿದ್ದರೆ ಮುಖ್ಯ ಉಪಸಂಪಾದಕರೋ ಕರಡು ತಿದ್ದುವವರೋ ತಡೆಯುತ್ತಿದ್ದರೇನೋ. ವೆಬ್‌ನ ಗುಂಡಿ ನನ್ನೊಬ್ಬನ ಬೆರಳ ಕೆಳಗಿತ್ತು.

ಸ್ವಲ್ಪ ಹೊತ್ತಿನಲ್ಲೇ ಒಬ್ಬ ತಾಯಿ ಕಚೇರಿಗೆ ಫೋನ್ ಮಾಡಿದರು. ಮಗಳು ಧರ್ಮಸ್ಥಳದಿಂದ ಬಸ್ಸಿನಲ್ಲಿ ಬರುತ್ತಿದ್ದಳಂತೆ. "ಆ ಬಸ್ಸಿನವರನ್ನು ಎಲ್ಲಿ ಇಳಿಸಿದ್ದಾರೆ, ಮಗಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವಿಡಿಯೊ ತೆಗೆದುಹಾಕಿದೆವು, ತಿದ್ದುಪಡಿಯನ್ನೂ ಹಾಕಿದೆವು; ಆದರೆ ನಮ್ಮ ಲಾಂಛನ ಹೊತ್ತ ಅದೇ ತುಣುಕು ಮರುವರ್ಷದ ಮಳೆಗಾಲದಲ್ಲಿ ನನ್ನ ಮನೆಯವರ ಗ್ರೂಪಿಗೇ ಬಂದು ಬಿತ್ತು.

ಆದ್ದರಿಂದ ಬರವಣಿಗೆಯೋ ವಿಡಿಯೊವೋ ಎಂಬ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕತ್ತರಿಸುವ ಕೆಲಸವನ್ನು ಯಾವ ಡೆಸ್ಕಿನಲ್ಲಾದರೂ ಎರಡು ವಾರದಲ್ಲಿ ಕಲಿಯುತ್ತೀರಿ. ಅದಕ್ಕಾಗಿ ಸಾಲ ಖಂಡಿತ ಬೇಡ. ತುಳು ಬರುವುದಾದರೆ ಬ್ಯಾರಿ, ಕೊಂಕಣಿ, ಮಲಯಾಳವನ್ನು ಕೇಳಿ ಅರ್ಥಮಾಡಿಕೊಳ್ಳುವಷ್ಟು ಕಲಿಯಿರಿ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಎಂಬುದು ನೆನಪಿನಲ್ಲಿರಲಿ, ಈ ಹೊತ್ತಿನ ಮಟ್ಟ ಎಷ್ಟೆಂದು ಹೇಳಬಲ್ಲ ತಾಲ್ಲೂಕು ಕಚೇರಿಯವರ ನಂಬರ್ ಫೋನಿನಲ್ಲಿರಲಿ. ನಾನಂತೂ ಈಗ ಯಾವ ದೃಶ್ಯ ಬಂದರೂ ಮೊದಲು ಇಯರ್‌ಫೋನ್ ಸಿಕ್ಕಿಸಿ ಅದರ ಧ್ವನಿಯನ್ನು ಪೂರ್ತಿ ಕೇಳುತ್ತೇನೆ, ಆಮೇಲೆ ಕಳುಹಿಸಿದವರಿಗೆ ಫೋನ್ ಮಾಡಿ, "ನೀವು ಅಲ್ಲಿ ಇದ್ದಿರಾ?" ಎಂದು ವಿಚಾರಿಸುತ್ತೇನೆ.