ಓದುಗರ ಪ್ರಶ್ನೆ: ಓದಿಗಾಗಿ ರಾಜ್ಯ ಬಿಟ್ಟು ಹೋಗಬೇಕೇ?

ಪ್ರಶ್ನೆ: ಮಾನ್ಯರೇ, ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರವಳು. ಹತ್ತನೆಯ ತರಗತಿಯವರೆಗೆ ಊರಿನ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮಂಡ್ಯದಲ್ಲಿ ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಓದುತ್ತಿದ್ದೇನೆ. ನನಗೆ ಭೌತಶಾಸ್ತ್ರವೆಂದರೆ ಬಹಳ ಇಷ್ಟ. ನಮ್ಮ ಉಪನ್ಯಾಸಕರು ತಿರುಪತಿಯಲ್ಲಿರುವ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಸ್ಥೆಯ ಐದು ವರ್ಷದ ಬಿಎಸ್–ಎಂಎಸ್ ಕೋರ್ಸಿಗೆ ಪ್ರವೇಶ ಪರೀಕ್ಷೆ ಬರೆಯಲು ಹೇಳಿದ್ದಾರೆ. ಅಪ್ಪನಿಗೆ ಎರಡೂವರೆ ಎಕರೆ ಕಬ್ಬಿನ ಗದ್ದೆಯಿದೆ. "ಮೈಸೂರಿನಲ್ಲೇ ಬಿ.ಎಸ್ಸಿ. ಮಾಡು, ಸಿಇಟಿಯಲ್ಲಿ ಸೀಟು ಸಿಕ್ಕಿದರೆ ಇಂಜಿನಿಯರಿಂಗ್ ಮಾಡು, ಬೇರೆ ರಾಜ್ಯದ ಸಹವಾಸ ಯಾಕೆ" ಎನ್ನುತ್ತಾರೆ. ಅಮ್ಮ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಸಂಜೆ ಕಾಲೇಜಿನಿಂದ ಬಂದು ಡೈರಿಗೆ ಹಾಲು ಹಾಕುವವಳೂ ಬಟವಾಡೆಯ ಲೆಕ್ಕ ನೋಡುವವಳೂ ನಾನೇ. ಅಮ್ಮನಿಗೆ ಮಂಡಿನೋವು, ತಮ್ಮ ಇನ್ನೂ ಒಂಬತ್ತನೆಯ ತರಗತಿ. ನಾನು ಅರ್ಜಿ ಹಾಕಲೇ ಬೇಡವೇ? ಗೊತ್ತಿಲ್ಲದ ಭಾಷೆಯ ಊರಿನಲ್ಲಿ ನನ್ನಂಥವಳು ಹೊಂದಿಕೊಳ್ಳಬಹುದೇ?

ಉತ್ತರ: ಮೊದಲು ಅರ್ಜಿ ಹಾಕಿ. ಅರ್ಜಿ ಹಾಕಿದ ಮಾತ್ರಕ್ಕೆ ಊರು ಬಿಟ್ಟ ಹಾಗಾಗುವುದಿಲ್ಲ. ಈಗಲೇ ಕೈಬಿಟ್ಟರೆ ಮಾತ್ರ, ಮುಂದೆ ಮನೆಯವರೆಲ್ಲ ಒಪ್ಪಿದರೂ ನಿಮಗೆ ಆರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ನನ್ನ ಅಭಿಪ್ರಾಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಭೌತಶಾಸ್ತ್ರವನ್ನು ಸಂಶೋಧನೆಯವರೆಗೆ ಓದುವ ಆಸೆ ನಿಮಗೆ ನಿಜವಾಗಿಯೂ ಇದ್ದರೆ, ಸೀಟು ಸಿಕ್ಕಲ್ಲಿ ನೀವು ಹೋಗಬೇಕು. ಬೇರೆ ರಾಜ್ಯ ಎಂಬ ಒಂದೇ ಕಾರಣಕ್ಕೆ ಬಿಡುವುದು ಸರಿಯಲ್ಲ, ಬೇರೆ ರಾಜ್ಯ ಎಂಬ ಆಕರ್ಷಣೆಗೆ ಹೋಗುವುದೂ ಸರಿಯಲ್ಲ.

ಓದಿನ ವಿಷಯದಲ್ಲಿ ನಿಮ್ಮ ತಂದೆಯವರು ಹೇಳುವುದರಲ್ಲಿ ಹುರುಳಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಮೈಸೂರು ಸಣ್ಣ ಊರಲ್ಲ. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವಿದೆ, ವಿಜ್ಞಾನಕ್ಕೆಂದೇ ಹೆಸರಾದ ಯುವರಾಜ ಕಾಲೇಜಿದೆ, ಮುಂದೆ ಎಂ.ಎಸ್ಸಿ.ಗೆ ಮಾನಸಗಂಗೋತ್ರಿಯಿದೆ. ಇಲ್ಲಿ ಬಿ.ಎಸ್ಸಿ. ಮುಗಿಸಿದವರೂ 'ಜ್ಯಾಮ್' ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಸೇರಬಹುದು, ಆದ್ದರಿಂದ ಇಲ್ಲೇ ಉಳಿದರೆ ಸಂಶೋಧನೆಯ ದಾರಿಯೇ ಮುಚ್ಚಿತು ಎಂದು ಯಾರೂ ನಿಮ್ಮನ್ನು ಹೆದರಿಸದಿರಲಿ. ಆದರೆ ದೇಶದಲ್ಲಿರುವ ಏಳು ಐಸರ್‌ಗಳಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ಅಲ್ಲಿ ಪಾಠ ಮಾಡುವವರೇ ಸಂಶೋಧನೆಯನ್ನೂ ನಡೆಸುತ್ತಿರುತ್ತಾರೆ, ಕೊನೆಯ ವರ್ಷವನ್ನು ವಿದ್ಯಾರ್ಥಿ ಹೆಚ್ಚಾಗಿ ಒಂದು ಪ್ರಯೋಗಾಲಯದಲ್ಲಿ ಸ್ವಂತ ಪ್ರಬಂಧಕ್ಕಾಗಿ ಕಳೆಯುತ್ತಾನೆ. ಬಿ.ಎಸ್ಸಿ. ಓದುವಾಗ ಅಷ್ಟು ಬೇಗ ಇಂಥ ಅವಕಾಶ ಸಿಗುವುದು ಅಪರೂಪ.

ಒಂದು ಎಚ್ಚರಿಕೆಯ ಮಾತಿದೆ. ನೀವು ಪಿಸಿಎಂಸಿ ಓದುತ್ತಿದ್ದೀರಿ. ಐಸರ್ ಪ್ರವೇಶ ಪರೀಕ್ಷೆಯಲ್ಲಿ ಒಟ್ಟು 60 ಪ್ರಶ್ನೆಗಳಿದ್ದು, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ನಾಲ್ಕಕ್ಕೂ ಹದಿನೈದು ಹದಿನೈದು ಪ್ರಶ್ನೆಗಳಿರುತ್ತವೆ. ಸೇರಿದ ಮೇಲೂ ಮೊದಲ ವರ್ಷಗಳಲ್ಲಿ ಜೀವಶಾಸ್ತ್ರವನ್ನು ಬಿಡುವಂತಿಲ್ಲ. ಹತ್ತನೆಯ ತರಗತಿಯ ನಂತರ ನೀವು ಮುಟ್ಟದ ಆ ವಿಷಯವನ್ನು ಪಿಸಿಎಂಬಿ ಓದುವ ಗೆಳತಿಯ ಎನ್‌ಸಿಇಆರ್‌ಟಿ ಪುಸ್ತಕ ಪಡೆದು ಈಗಿನಿಂದಲೇ ಓದಲು ಆರಂಭಿಸಿ. ಇನ್ನೊಂದು ವಿಷಯ ನಿಮ್ಮ ತಂದೆಯವರಿಗೆ ಸಮಾಧಾನ ತರಬಹುದು: ಇದೇ ಪರೀಕ್ಷೆಯ ಅಂಕಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ತನ್ನ ನಾಲ್ಕು ವರ್ಷದ ಪದವಿಗೆ ಪರಿಗಣಿಸುತ್ತದೆ. ಅಲ್ಲಿನ ಪೈಪೋಟಿ ಕಠಿಣ. ಆದರೂ ಅದಕ್ಕೊಂದು ಪ್ರತ್ಯೇಕ ಅರ್ಜಿ ಹಾಕಿಡಿ.

ರಾಜ್ಯದ ಗಡಿ ನಿಜವಾಗಿಯೂ ಅಡ್ಡ ಬರುವುದು ಕಾಗದಪತ್ರಗಳಲ್ಲಿ, ಮತ್ತು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಇದು ತಡವಾಗಿ ಗೊತ್ತಾಗುತ್ತದೆ. ಸಿಇಟಿಯಲ್ಲಿ ನಿಮಗೆ ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿಯೂ, ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಮೀಸಲಾತಿಯೂ ಅನ್ವಯಿಸುತ್ತವೆ. ಐಸರ್‌ನಲ್ಲಿ ಇವೆರಡೂ ಇಲ್ಲ. ನಮ್ಮ ರಾಜ್ಯದ 2ಎ, 3ಎ ಮೊದಲಾದ ಪ್ರವರ್ಗಗಳು ಕೇಂದ್ರದ ಸಂಸ್ಥೆಗಳಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯೇ ಆಧಾರ. ಇಲ್ಲಿ ಹಿಂದುಳಿದ ವರ್ಗದಲ್ಲಿರುವ ಜಾತಿಯೊಂದು ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಹಾಗೆ ಇಲ್ಲದಿದ್ದರೆ, ಮತ್ತು ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿಲ್ಲದಿದ್ದರೆ, ಆರ್ಥಿಕವಾಗಿ ದುರ್ಬಲ ವರ್ಗದವರಿಗೆ 2019ರಿಂದ ಜಾರಿಯಲ್ಲಿರುವ ಶೇಕಡ 10ರ ಮೀಸಲಾತಿಯ ಷರತ್ತುಗಳನ್ನು ನೋಡಿ: ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರಬೇಕು, ಕೃಷಿ ಜಮೀನು 5 ಎಕರೆಗಿಂತ ಕಡಿಮೆಯಿರಬೇಕು. ನಿಮ್ಮ ಎರಡೂವರೆ ಎಕರೆ ಅದರೊಳಗೇ ಬರುತ್ತದೆ. ಯಾವ ಪ್ರಮಾಣಪತ್ರವಾದರೂ ಅದು ಕೇಂದ್ರ ಸರ್ಕಾರದ ನಮೂನೆಯಲ್ಲಿರಬೇಕು ಮತ್ತು ಆ ಸಾಲಿನದ್ದಾಗಿರಬೇಕು. ಫಲಿತಾಂಶ ಬಂದ ಮೇಲೆ ನಾಡಕಚೇರಿಗೆ ಓಡುವ ಬದಲು ಈಗಲೇ ಅರ್ಜಿ ಕೊಡಿ. ಸಿಇಟಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುಸಹಿ ಮಾಡಿಸಿಟ್ಟುಕೊಳ್ಳಿ, ಏಕೆಂದರೆ ಎರಡು ಪರೀಕ್ಷೆಗಳನ್ನೂ ನೀವು ಬರೆಯಬೇಕು.

ಹಣದ ವಿಷಯದಲ್ಲಿ ನಿಮ್ಮ ತಂದೆಯವರ ಅಳುಕು ನ್ಯಾಯವಾದದ್ದು. ಕಾನೂನಿನ ಪ್ರಕಾರ ಕಬ್ಬು ಸಾಗಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕಾದರೂ ಬಾಕಿಗಾಗಿ ಕಾಯುವುದು ಹೇಗಿರುತ್ತದೆಂದು ಮಂಡ್ಯದ ರೈತರಿಗೆ ಹೇಳಿಕೊಡಬೇಕಿಲ್ಲ. ಕಾಲೇಜಿನ ಶುಲ್ಕದ ದಿನಾಂಕವಂತೂ ಕಬ್ಬಿನ ಬಿಲ್ಲಿಗಾಗಿ ಕಾಯುವುದಿಲ್ಲ. ಆದ್ದರಿಂದ ಬೋಧನಾ ಶುಲ್ಕ, ಹಾಸ್ಟೆಲ್ ಮತ್ತು ಮೆಸ್, ಲ್ಯಾಪ್‌ಟಾಪ್ ಮತ್ತು ಪುಸ್ತಕ, ಓಡಾಟ ಇವುಗಳ ಐದು ವರ್ಷದ ಅಂದಾಜನ್ನು ಸಂಸ್ಥೆಯ ಜಾಲತಾಣದಲ್ಲಿರುವ ಈ ಸಾಲಿನ ಶುಲ್ಕಪಟ್ಟಿ ನೋಡಿ ಒಂದು ಹಾಳೆಯ ಮೇಲೆ ಬರೆದು ತಂದೆಯವರ ಮುಂದಿಡಿ. ಮೊತ್ತ ಗೊತ್ತಿಲ್ಲದಿರುವಾಗ ಭಯ ಹೆಚ್ಚಿರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರುವವರಿಗೆ ಜಮೀನು ಅಡವಿಡದೆ, ಜಾಮೀನುದಾರರನ್ನು ಹುಡುಕದೆ ಶಿಕ್ಷಣ ಸಾಲ ದೊರೆಯುತ್ತದೆ. ವಾರ್ಷಿಕ ಆದಾಯ 8 ಲಕ್ಷದವರೆಗಿರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡ 3ರಷ್ಟು ರಿಯಾಯಿತಿಗೆ ಅವಕಾಶವಿದೆ. ಇಷ್ಟಾದರೂ ಅದು ಸಾಲವೇ. ಮೂಲ ವಿಜ್ಞಾನ ಓದಿದವರಿಗೆ ಇಂಜಿನಿಯರುಗಳಿಗೆ ಸಿಗುವಷ್ಟು ಬೇಗ ಸಂಬಳ ಸಿಗುವುದಿಲ್ಲ ಎಂಬುದನ್ನು ಮುಚ್ಚಿಡದೆ ಮನೆಯಲ್ಲಿ ಹೇಳಿ. ಪಿಎಚ್‌.ಡಿ.ಗೆ ಸೇರಿ ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನ ಪಡೆದರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಕಂತು ಕಟ್ಟಲು ಅಲ್ಲಿಂದ ದಾರಿಯಾಗುತ್ತದೆ. ಆದರೆ ಅದು ಐದಾರು ವರ್ಷಗಳ ಆಚೆಗಿನ ಮಾತು. ಲೆಕ್ಕ ಹಾಕಿದ ಮೇಲೂ ಹೊರೆ ಹೆಚ್ಚೆಂದು ತೋರಿದರೆ ಯುವರಾಜ ಕಾಲೇಜಿಗೆ ಸೇರಿ ಮೂರು ವರ್ಷದ ನಂತರ ಹೊರಡುವುದರಲ್ಲಿ ಯಾವ ಕೀಳರಿಮೆಯೂ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಹಸುಗಳ ಮಾತು. ಅಮ್ಮ ಬೇಡ ಎನ್ನುವುದಿಲ್ಲ ಎಂದು ಬರೆದ ಬೆನ್ನಲ್ಲೇ ಡೈರಿಗೆ ಹಾಲು ಹಾಕುವವಳು ನಾನೇ ಎಂದು ಬರೆದಿದ್ದೀರಿ. ಯಾರೂ ನಿಮ್ಮನ್ನು ತಡೆಯದಿದ್ದರೂ ನಿಮ್ಮನ್ನು ನೀವೇ ತಡೆದುಕೊಳ್ಳುತ್ತಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ತಾಯಿಯ ಮಂಡಿನೋವು ನಿಜ, ಹೊತ್ತು ತಪ್ಪದೆ ಹಾಲು ಕರೆಯಬೇಕಾದ್ದೂ ನಿಜ. ಆದರೆ ನೀವು ಮೈಸೂರಿನಲ್ಲಿ ಹಾಸ್ಟೆಲ್ ಸೇರಿದರೂ ಸಂಜೆಯ ಹಾಲಿಗೆ ಮನೆಯಲ್ಲಿರುವುದಿಲ್ಲ. ನಿತ್ಯ ಓಡಾಡಿ ಓದಿದರೂ ವಿಜ್ಞಾನದ ಪ್ರಯೋಗ ತರಗತಿಗಳು ಮುಗಿದು ಊರು ಸೇರುವಾಗ ಕತ್ತಲಾಗಿರುತ್ತದೆ. ಈ ಕೆಲಸ ಹೇಗಿದ್ದರೂ ನಿಮ್ಮ ಕೈಯಿಂದ ಬೇರೊಂದು ಕೈಗೆ ಹೋಗಲೇಬೇಕು. ಒಂಬತ್ತನೆಯ ತರಗತಿಯ ಹುಡುಗ ಕ್ಯಾನು ಹಿಡಿದು ಡೈರಿಗೆ ಹೋಗಬಲ್ಲ, ಫ್ಯಾಟಿನ ಲೆಕ್ಕವನ್ನೂ ಕಲಿಯಬಲ್ಲ. ಬಾಲ್ಯದಿಂದ ಅಕ್ಕನೇ ಮಾಡುತ್ತಿದ್ದುದರಿಂದ ಯಾರೂ ಅವನಿಗೆ ಹೇಳಿಲ್ಲ, ಅಷ್ಟೆ. ಒಂದು ಹಸುವನ್ನು ಮಾರಿ ಒಂದನ್ನೇ ಉಳಿಸಿಕೊಳ್ಳಬಹುದೇ ಎಂಬುದನ್ನು ತಂದೆ ತಾಯಿ ಯೋಚಿಸಲಿ. ಈ ತಿಂಗಳೇ ಬಟವಾಡೆಯ ಲೆಕ್ಕವನ್ನು ತಮ್ಮನಿಗೆ ಒಪ್ಪಿಸಿ ನೋಡಿ. ನೀವು ಮನೆಯಲ್ಲಿರುವಾಗಲೇ ಅವನು ಕಲಿತರೆ ತಾಯಿಗೂ ಧೈರ್ಯ ಬರುತ್ತದೆ. ಮನೆಗೆಲಸದ ಹಂಚಿಕೆಗೆ ಮನೆಯ ಮಗಳ ಓದನ್ನು ಬೆಲೆಯಾಗಿ ಕೊಡಬೇಕೆಂಬುದನ್ನು ನಾನು ಒಪ್ಪಲಾರೆ, ನಿಮ್ಮ ತಾಯಿಯೂ ಒಪ್ಪಲಾರರು ಎಂದೇ ನಂಬಿದ್ದೇನೆ. ಅವರನ್ನು ಒಮ್ಮೆ ನೇರವಾಗಿ ಕೇಳಿ.

ಭಾಷೆಗೆ ಅಷ್ಟೊಂದು ಹೆದರಬೇಕಾಗಿಲ್ಲ. ತೆಲುಗಿನ ಅಕ್ಷರಗಳು ಕನ್ನಡದವಕ್ಕೆ ಹತ್ತಿರ. ಬಸ್ಸಿನ ಬೋರ್ಡನ್ನು ಮೊದಲ ವಾರದಲ್ಲೇ ಓದುತ್ತೀರಿ. ಪಾಠದ ಭಾಷೆ ಇಂಗ್ಲಿಷ್, ಅದರ ಏಟನ್ನು ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ಮೊದಲ ತಿಂಗಳುಗಳಲ್ಲಿ ನೀವು ಒಮ್ಮೆ ತಿಂದು ಎದ್ದವರೇ. ಸಾಧ್ಯವಾದರೆ ಒಂದು ಭಾನುವಾರ ಮೈಸೂರಿಗೆ ಹೋಗಿ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಅಥವಾ ವಾಕ್ ಶ್ರವಣ ಸಂಸ್ಥೆಯ ವಿದ್ಯಾರ್ಥಿನಿಯರನ್ನು ಮಾತನಾಡಿಸಿ. ಕೇರಳ, ತಮಿಳುನಾಡು, ಆಂಧ್ರಗಳಿಂದ ಕನ್ನಡದ ಒಂದಕ್ಷರ ಬಾರದೆ ಬಂದು ನಮ್ಮ ಊರಿನಲ್ಲಿ ಓದುತ್ತಿರುವ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಮೊದಲ ಆರು ತಿಂಗಳು ಹೇಗಿತ್ತು, ಜ್ವರ ಬಂದಾಗ ಯಾರು ನೋಡಿಕೊಂಡರು ಎಂದು ಅವರನ್ನೇ ಕೇಳಿ. ನನ್ನ ಉತ್ತರಕ್ಕಿಂತ ಅವರ ಮಾತು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಇನ್ನು ತಂದೆ ತಾಯಿಗೆ ಆ ಜಾಗವನ್ನು ಕಣ್ಣಾರೆ ತೋರಿಸಿ. ಚಾಮರಾಜನಗರದಿಂದ ತಿರುಪತಿಗೆ ಹೋಗುವ ರೈಲು ಮೈಸೂರು, ಮಂಡ್ಯದ ಮೇಲೆಯೇ ಹೋಗುತ್ತದೆ. ತಿಮ್ಮಪ್ಪನ ದರ್ಶನಕ್ಕೆ ನಮ್ಮ ಜನ ಹತ್ತುವ ರೈಲೇ ಅದು. ಸಂಸ್ಥೆಯಿರುವುದು ಶ್ರೀಕಾಳಹಸ್ತಿಯ ದಾರಿಯಲ್ಲಿರುವ ಏರ್ಪೇಡು ಬಳಿ. ಬೆಟ್ಟಕ್ಕೆ ಹೋದಾಗ ಒಂದು ದಿನ ಹೆಚ್ಚು ಉಳಿದು, ಮೊದಲೇ ಅನುಮತಿ ಪಡೆದು ಆವರಣವನ್ನು ನೋಡಿ ಬನ್ನಿ. ಹುಡುಗಿಯರ ಹಾಸ್ಟೆಲಿನ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ರಾತ್ರಿ ವೈದ್ಯರು ಸಿಗುತ್ತಾರೆಯೇ, ರೈಲು ನಿಲ್ದಾಣದಿಂದ ಒಳಕ್ಕೆ ಹೇಗೆ ಹೋಗಬೇಕು ಎಂಬುದನ್ನೆಲ್ಲ ನಿಮ್ಮ ತಾಯಿಯೇ ಕೇಳಿ ತಿಳಿದುಕೊಳ್ಳಲಿ.

ಪ್ರಶ್ನೆ: ನಾನು ಮಂಡ್ಯ ನಗರದ ನಿವಾಸಿ. ಮಗ ಜೆಇಇ ಬರೆಯುತ್ತಿದ್ದಾನೆ. ಎನ್‌ಐಟಿಗಳ ಪೈಕಿ ತಮಿಳುನಾಡಿನ ತಿರುಚಿರಾಪಳ್ಳಿಯನ್ನೇ ಮೊದಲ ಆಯ್ಕೆಯಾಗಿ ಹಾಕುತ್ತೇನೆ ಎನ್ನುತ್ತಾನೆ. 1991ರ ಗಲಭೆಯನ್ನು ಕಂಡವನು ನಾನು. ಕಾವೇರಿ ವಿವಾದ ಎದ್ದಾಗ ಅಲ್ಲಿ ಮಂಡ್ಯದ ಹುಡುಗನ ಗತಿಯೇನು ಎಂಬುದೇ ನನ್ನ ಚಿಂತೆ.

ಉತ್ತರ: ನಿಮ್ಮ ಚಿಂತೆಯನ್ನು ಯಾರೂ ಹಗುರವಾಗಿ ಕಾಣಬಾರದು. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರವೂ ಮಳೆ ಕೈಕೊಟ್ಟ 2023ರಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ಧರಣಿ ನಡೆದುದನ್ನೂ ಕರ್ನಾಟಕ ಬಂದ್ ಆದುದನ್ನೂ ನೋಡಿದ್ದೇವೆ. ಆದರೆ ಅಂಥ ದಿನಗಳಲ್ಲಿ ಮೊದಲು ತೊಂದರೆಯಾಗುವುದು ಗಡಿ ದಾಟುವ ಬಸ್ಸು ಲಾರಿಗಳಿಗೆ. ಕ್ಯಾಂಪಸ್ಸಿನೊಳಗೇ ವಾಸಿಸುವ ವಿದ್ಯಾರ್ಥಿ ಆ ವಾರ ಪ್ರಯಾಣ ಮಾಡದೆ ಅಲ್ಲೇ ಉಳಿಯಬಹುದು. ಅದು ಕೇಂದ್ರೀಯ ಸಂಸ್ಥೆ, ಅರ್ಧದಷ್ಟು ಸೀಟುಗಳು ಹೊರರಾಜ್ಯದವರಿಗೇ ಮೀಸಲು, ಆದ್ದರಿಂದ ನಿಮ್ಮ ಮಗ ಅಲ್ಲಿ ಒಂಟಿಯಾಗುವುದಿಲ್ಲ. ನದಿಯ ಹೆಸರಿನಲ್ಲಿ ಹುಡುಗನ ಓದನ್ನು ತಡೆಯುವುದು ಬೇಡವೆಂಬುದು ನನ್ನ ವಿನಂತಿ. ಶ್ರೀರಂಗಪಟ್ಟಣದ ಆದಿರಂಗನಿಂದ ಶ್ರೀರಂಗದ ಅಂತ್ಯರಂಗನವರೆಗೆ ಯಾತ್ರೆ ಹೋಗುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ, ಆ ಶ್ರೀರಂಗ ತಿರುಚಿರಾಪಳ್ಳಿಯ ಊರೇ.

ಆದರೆ ಬೇರೊಂದು ಕಾರಣಕ್ಕೆ ಅವನ ಪಟ್ಟಿಯನ್ನು ಮತ್ತೆ ನೋಡಬೇಕು. ಪ್ರತಿ ಎನ್‌ಐಟಿಯಲ್ಲೂ ಅರ್ಧ ಸೀಟು ಆಯಾ ರಾಜ್ಯದವರಿಗೆ ಮೀಸಲಾಗಿರುವುದರಿಂದ ನಮ್ಮ ರಾಜ್ಯದ ಸುರತ್ಕಲ್ ಎನ್‌ಐಟಿಯಲ್ಲಿ ನಿಮ್ಮ ಮಗನಿಗೆ ತವರಿನ ಅನುಕೂಲವಿದೆ, ತಿರುಚಿರಾಪಳ್ಳಿಯಲ್ಲಿ ಅವನು ಹೊರರಾಜ್ಯದವರ ಸಾಲಿನಲ್ಲಿ ಇಡೀ ದೇಶದೊಡನೆ ಪೈಪೋಟಿ ನಡೆಸಬೇಕು. ಸುರತ್ಕಲ್ 1960ರ ಸಂಸ್ಥೆ, ತಿರುಚಿರಾಪಳ್ಳಿಯದು 1964ರದು; ರಾಷ್ಟ್ರೀಯ ಶ್ರೇಯಾಂಕದಲ್ಲಿ ಎನ್‌ಐಟಿಗಳ ಪೈಕಿ ತಿರುಚಿರಾಪಳ್ಳಿ ಹಲವು ವರ್ಷಗಳಿಂದ ಮೊದಲಿದ್ದರೂ, ತನಗೆ ಬೇಕಾದ ವಿಭಾಗ ಸುರತ್ಕಲ್‌ನಲ್ಲಿ ಸಿಗುವಾಗ ಬೇಡದ ವಿಭಾಗಕ್ಕಾಗಿ ಅಷ್ಟು ದೂರ ಹೋಗುವುದು ನನಗೆ ಸರಿಕಾಣುವುದಿಲ್ಲ. ಬೇಕಾದ ವಿಭಾಗವೇ ಅಲ್ಲಿ ಸಿಕ್ಕಿದರೆ ಸಂತೋಷದಿಂದ ಕಳುಹಿಸಿ. ಮೈಸೂರಿನಿಂದ ಹೊರಟು ಮಂಡ್ಯದ ಮೇಲೆ ಮಯಿಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲು ತಿರುಚಿರಾಪಳ್ಳಿಯಲ್ಲಿ ನಿಲ್ಲುತ್ತದೆ. ಮುಂಗಡ ಕಾಯ್ದಿರಿಸುವ ಅವಧಿ ಈಗ 60 ದಿನಗಳಾದ್ದರಿಂದ ಹಬ್ಬದ ಟಿಕೆಟನ್ನು ಅಷ್ಟು ಮೊದಲೇ ತೆಗೆಸಿ. ಒಮ್ಮೆ ಲಾಕ್ ಮಾಡಿದ ಆಯ್ಕೆಯ ಪಟ್ಟಿಯನ್ನು ಮುಂದಿನ ಸುತ್ತುಗಳಲ್ಲಿ ಹಿಂದುಮುಂದು ಮಾಡಲು ಬರುವುದಿಲ್ಲ. ಆದ್ದರಿಂದ ಪಟ್ಟಿ ಲಾಕ್ ಆಗುವ ಮುನ್ನವೇ ಮಗನೊಡನೆ ಕುಳಿತು ವಿಭಾಗಗಳ ಕ್ರಮವನ್ನು ಬಾಯಿಬಿಟ್ಟು ಚರ್ಚಿಸಿ, ತಮಿಳುನಾಡಿನ ಬಗ್ಗೆ ನಿಮಗಿರುವ ಅಳುಕನ್ನೂ ಅಂದೇ ಅವನಿಗೆ ಹೇಳಿಬಿಡಿ.