ಓದುಗರ ಪ್ರಶ್ನೆ: ನಲವತ್ತು ಕಂಬದ ಅರಮನೆ, ಪಂಪಿಲ್ಲದ ಕಾರಂಜಿ

ಪ್ರಶ್ನೆ: ಇರಾನಿನ ಇಸ್ಫಹಾನ್‌ನಲ್ಲಿರುವ ‘ಚೆಹೆಲ್ ಸುತೂನ್’ ಅಂದರೆ ನಲವತ್ತು ಕಂಬದ ಅರಮನೆಯಂತೆ. ಹೋಗಿಬಂದವರ ಫೋಟೊಗಳಲ್ಲಿ ಎಷ್ಟು ಎಣಿಸಿದರೂ ಆರೇ ಕಂಬ ಸಿಗುತ್ತವೆ. ಕೊಳದೊಳಗಿನ ನೆರಳಿನಲ್ಲಿ ಅವುಗಳ ತಲೆಯೂ ಇಲ್ಲ. ಯಾಕೆ ಹೀಗೆ?
— ಓದುಗರು, ಸಿರುಗುಪ್ಪ

ಉತ್ತರ: ಅಲ್ಲಿ ಇರುವುದೇ ಇಪ್ಪತ್ತು ಮರದ ಕಂಬ. ಮುಂದಿನ ತೆರೆದ ಪಡಸಾಲೆಯಲ್ಲಿ ಆರಾರರ ಮೂರು ಸಾಲು, ಅದರ ಹಿಂದೆ ಕನ್ನಡಿ ಕೆಲಸದ ಬಾಗಿಲ ಬಳಿ ಎರಡು. ಮಿಕ್ಕ ಇಪ್ಪತ್ತು ನೀರಿನಲ್ಲಿರುವ ಪ್ರತಿಬಿಂಬ. ನಟ್ಟನಡುವೆ ನಿಂತರೆ ಹಿಂದಿನ ಸಾಲುಗಳು ಮುಂದಿನ ಸಾಲಿನ ಮರೆಗೆ ಹೋಗುತ್ತವೆ, ಅದಕ್ಕೇ ಆರು. ಕೊಳದ ಮೂಲೆಗೆ ಸರಿದು ನೋಡಿ, ಹಿಂದಿನವೂ ಇಣುಕುತ್ತವೆ. ಪಾರಸಿಯಲ್ಲಿ ‘ಚೆಹೆಲ್’ ಎಂಬುದನ್ನು ‘ಬಹಳ’ ಎಂಬ ಅರ್ಥದಲ್ಲೂ ಬಳಸುತ್ತಾರೆ, ಹಾಗಾಗಿ ಲೆಕ್ಕ ತಾಳೆಯಾಗಲೇಬೇಕೆಂದಿಲ್ಲ.

ತಲೆ ಕತ್ತರಿಸಿಹೋಗುವುದು ನಿಂತ ಜಾಗದ ತಪ್ಪಿನಿಂದ. ಕೊಳದ ಉದ್ದ ಸುಮಾರು 110 ಮೀಟರ್, ಅಗಲ 16. ಅರಮನೆಗೆ ಎದುರಿನ ತುದಿಯಲ್ಲಿ ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಹಿಡಿದರೆ, ಚಾವಣಿಯ ಪ್ರತಿಬಿಂಬ ನಿಮ್ಮಿಂದ ಹತ್ತು ಹನ್ನೆರಡು ಮೀಟರ್ ಮುಂದೆ ಮೂಡುತ್ತದೆ. ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾವನ್ನು ಕೆಳಗಿಳಿಸಿದಿರೋ, ಅದು ನಿಮ್ಮಿಂದ ಎರಡು ಮೂರು ಮೀಟರ್ ದೂರಕ್ಕೇ ಬಂದುಬಿಡುತ್ತದೆ. ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಹಾಗೆ ಕೂತರೆ ಆ ಜಾಗದಲ್ಲಿ ನೀರಿಲ್ಲ, ಬರೀ ನೆಲ. ತಲೆ ಹೋಗುವುದು ಅಲ್ಲೇ. ಕೂರುವುದಾದರೆ ದಂಡೆಯ ಅಂಚಿನಲ್ಲೇ ಕೂರಿ.

ಪಡಸಾಲೆ ಪೂರ್ವಕ್ಕೆ ಮುಖಮಾಡಿದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಬಿಸಿಲು ಕಂಬಗಳ ಮೇಲೆ ನೇರ ಬಿದ್ದಿರುತ್ತದೆ. ಆಗ ಗಾಳಿಯೂ ಇಲ್ಲದಿದ್ದರೆ ನೀರು ಕನ್ನಡಿಯಂತಿರುತ್ತದೆ. ಸಣ್ಣ ಅಲೆ ಎದ್ದರೂ ಪ್ರತಿಬಿಂಬ ಒಡೆಯಿತು. ಸ್ವಚ್ಛತೆಗೋ ದುರಸ್ತಿಗೋ ಕೊಳ ಖಾಲಿ ಮಾಡಿದ್ದಾರೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಫೋಟೊ ಆಯಿತೆಂದು ಮರಳಿಬಿಡಬೇಡಿ. ನಡುವಿನ ನಾಲ್ಕು ಕಂಬಗಳ ಬುಡದಲ್ಲಿ ಕಲ್ಲಿನ ಸಿಂಹಗಳಿವೆ, ಬಗ್ಗಿ ನೋಡಿ. ಒಂದು ಕಾಲಕ್ಕೆ ಅವುಗಳ ಬಾಯಿಂದ ನಡುವಿನ ತೊಟ್ಟಿಗೆ ನೀರು ಚಿಮ್ಮುತ್ತಿತ್ತು. ಇರಾನಿನ ದೊರೆ ಎರಡನೇ ಶಾ ಅಬ್ಬಾಸ್ 1647ರಲ್ಲಿ ಮುಗಿಸಿದ ಈ ಅರಮನೆ ಅತಿಥಿಗಳ ಸತ್ಕಾರಕ್ಕೆಂದೇ ಕಟ್ಟಿದ್ದು. ಒಳಗಿನ ದೊಡ್ಡ ಹಜಾರಕ್ಕೆ ಒಂದು ಗಂಟೆಯಾದರೂ ಬೇಕು. ಗೋಡೆಯ ಚಿತ್ರಗಳಲ್ಲಿ ಭಾರತದವರು ಗುರುತು ಹಿಡಿಯುವಂಥವು ಎರಡು: ರಾಜ್ಯ ಕಳೆದುಕೊಂಡು ಬಂದ ಹುಮಾಯೂನನನ್ನು ಶಾ ತಹ್ಮಾಸ್ಪ್ ಬರಮಾಡಿಕೊಳ್ಳುವುದು ಒಂದು, ನಾದಿರ್ ಶಾ ಮೊಘಲರನ್ನು ಸೋಲಿಸಿದ 1739ರ ಕರ್ನಾಲ್ ಯುದ್ಧ ಇನ್ನೊಂದು, ಇದು ಆಮೇಲೆ ಸೇರಿಸಿದ ಚಿತ್ರ. ಆಶ್ರಯವೂ ಆಕ್ರಮಣವೂ ಒಂದೇ ಹಜಾರದಲ್ಲಿವೆ.

ಪ್ರಶ್ನೆ: ರಾಯಚೂರಿನಿಂದ ಇರಾನಿನ ಇಸ್ಫಹಾನ್‌ಗೆ ಹೋಗಲು ಯಾವ ತಿಂಗಳು ಒಳ್ಳೆಯದು? ವೀಸಾ ಬೇಡವಂತೆ, ನಿಜವೇ?
— ಓದುಗರು, ಮಾನ್ವಿ

ಉತ್ತರ: ವೀಸಾ ಬೇಕು. 2024ರಲ್ಲಿ ಭಾರತೀಯರಿಗೆ ಕೊಟ್ಟಿದ್ದ ವಿನಾಯಿತಿಯನ್ನು 2025ರ ನವೆಂಬರ್ 22ರಿಂದ ನಿಲ್ಲಿಸಲಾಗಿದೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆ ಓದಿ. ಹೋಗಬೇಡಿ ಎಂದಿದ್ದರೆ ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ಕಾಯಿರಿ. ಏಪ್ರಿಲ್, ಮೇ ಹಿತವಾದ ತಿಂಗಳು. ಇಸ್ಫಹಾನ್ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಬಿಸಿಲು ನಮ್ಮವರಿಗೆ ಹೊಸದಲ್ಲ, ಆ ಚಳಿ ಹೊಸದು. ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳಬೇಕೆಂಬುದು ಅಲ್ಲಿನ ಕಾನೂನು.

ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಇಡೀ ಪ್ರವಾಸದ ಖರ್ಚನ್ನು ಡಾಲರ್ ಇಲ್ಲವೇ ಯೂರೋ ನೋಟುಗಳಲ್ಲೇ ಒಯ್ಯಿರಿ. ನೋಟಿನ ಮೇಲೆ ‘ರಿಯಾಲ್’ ಇರುತ್ತದೆ, ಅಂಗಡಿಯವರ ಬಾಯಲ್ಲಿ ‘ತೊಮಾನ್’. ಹತ್ತು ರಿಯಾಲಿಗೆ ಒಂದು ತೊಮಾನ್. ಯಾವುದರ ಲೆಕ್ಕ ಎಂದು ಕೇಳಿಯೇ ಹಣ ಕೊಡಿ.

ಪ್ರಶ್ನೆ: ಇರಾನಿನ ಕಾಶಾನ್ ನಗರದ ಫಿನ್ ಉದ್ಯಾನದ ಕಾರಂಜಿಗಳಿಗೆ ಪಂಪೇ ಇಲ್ಲವಂತೆ. ತೋಟದ ಮನೆಯಲ್ಲಿ ಅಂಥದ್ದು ಮಾಡಬಹುದೇ?
— ಓದುಗರು, ಗಂಗಾವತಿ

ಉತ್ತರ: ಮಾಡಬಹುದು. ಫಿನ್‌ಗೆ ನೀರು ಬರುವುದು ಉದ್ಯಾನಕ್ಕಿಂತ ಎತ್ತರದಲ್ಲಿರುವ ಸುಲೇಮಾನಿಯೆ ಬುಗ್ಗೆಯಿಂದ. ಆ ಎತ್ತರವೇ ಒತ್ತಡ. ನಿಮ್ಮ ತೊಟ್ಟಿ ಕಾರಂಜಿಯ ಬಾಯಿಗಿಂತ 3 ಮೀಟರ್ ಮೇಲಿದ್ದರೆ ನೀರು 3 ಮೀಟರ್ ಚಿಮ್ಮುವುದಿಲ್ಲ, ಪೈಪಿನ ತಿಕ್ಕಾಟದಲ್ಲಿ ಒಂದು ಪಾಲು ಹೋಗುತ್ತದೆ.

ಜನ ಎಡವುವುದು ತೂತಿನ ಅಳತೆಯಲ್ಲಿ. ಒಂದೇ ಸಣ್ಣ ಪೈಪಿಗೆ ಹತ್ತು ದೊಡ್ಡ ತೂತು ಕೊರೆದರೆ ಮೊದಲ ಎರಡು ಕುಣಿಯುತ್ತವೆ, ಕೊನೆಯದು ಜಿನುಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ (ಟೇಲ್‌ಎಂಡ್) ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ವಿಸ್ತೀರ್ಣದ ಅರ್ಧ ದಾಟದಿರಲಿ. ಎರಡು ಇಂಚಿನ ಪೈಪಿಗೆ ಕಾಲಿಂಚಿನ ಹತ್ತು ತೂತು ಧಾರಾಳವಾಗಿ ಸಾಕು. ಪೈಪಿನ ಎರಡೂ ತುದಿಗೆ ತೊಟ್ಟಿಯ ನೀರು ಜೋಡಿಸಿದರೆ ಇನ್ನೂ ಸಮನಾಗಿ ಏಳುತ್ತದೆ. ತೊಟ್ಟಿಯಿಂದ ಪೈಪು ಹೊರಡುವ ಬಾಯಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ತೂತುಗಳಲ್ಲಿ ಪಾಚಿ ಬಂದು ಕೂರುತ್ತದೆ.