ಸಂಪಾದಕರ ಉತ್ತರ: ಹಳೇ ಲ್ಯಾಪ್‌ಟಾಪ್ ಇರಲಿ, ಹಳೇ ಬಾಯ್ಲರ್ ಹೋಗಲಿ ಅಂದರೆ ಹೇಗೆ?

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಹಿರಿಯ ಪ್ರೋಗ್ರಾಮರ್ ಒಬ್ಬರ ಸಂದರ್ಶನ ಓದಿ ಅವರಿಗೆ ಸಿಟ್ಟು ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ಆ ಮಹಾಶಯರು ಹತ್ತು ವರ್ಷದ ಲ್ಯಾಪ್‌ಟಾಪ್ ಎಸೆಯಬೇಡಿ ಅನ್ನುತ್ತಾರೆ. ಕೋಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳು ಇವತ್ತಿಗೂ ಬ್ಯಾಂಕು ನಡೆಸುತ್ತಿವೆ ಅಂತ ಹೆಮ್ಮೆ ಪಡುತ್ತಾರೆ. ಮುಂದಿನ ಪುಟದಲ್ಲೇ ಕಲ್ಲಿದ್ದಲು ಸ್ಥಾವರ ಮುಚ್ಚಿ, ಸೋಲಾರ್ ಹಾಕಿ ಅನ್ನುತ್ತಾರೆ. ನಮ್ಮ ಮೊದಲನೇ ಯೂನಿಟ್ 1985ರದ್ದು. ಅವರ ಹಳೇದು ಬಂಗಾರ, ನಮ್ಮ ಹಳೇದು ಗುಜರಿಯಾ? ಬೂದಿ ನುಂಗಿದವರು ನಾವು, ಎಸಿ ರೂಮಿನಲ್ಲಿ ಕೂತವರು ಬುದ್ಧಿ ಹೇಳುವುದು! ಇರಲಿ. ರಾಯಚೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಗೃಹಜ್ಯೋತಿ ಇರುವಾಗ ಮಾಳಿಗೆ ಮೇಲೆ ಸೋಲಾರ್ ಹಾಕಿಸಬೇಕಾ, ಬೇಡವಾ? ಅದನ್ನಾದರೂ ಹೇಳಿ."

ಸರ್, ನಮಸ್ಕಾರ.

ನಿಮ್ಮ ಪ್ರಶ್ನೆ ಚುರುಕಾಗಿದೆ. ಅದಕ್ಕೆ ಆ ಪ್ರೋಗ್ರಾಮರ ಪರವಾಗಿ ನಾನೇ ಉತ್ತರ ಹೇಳುತ್ತೇನೆ. ಆದರೆ ಎಲ್ಲ ಕಡೆ ಅವರ ಪರ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅವರ ಮಾತಿನಲ್ಲಿ ವಿರೋಧ ಇರುವ ಹಾಗೆ ಕಾಣುವುದು ನಾವು ವಯಸ್ಸನ್ನು ಅಳತೆ ಮಾಡಿಕೊಂಡಾಗ. ವಯಸ್ಸು ಬಿಡಿ. ಒಂದು ಯಂತ್ರದ ಖರ್ಚು ಯಾವಾಗ ಬೀಳುತ್ತದೆ ಅನ್ನುವುದನ್ನು ನೋಡಿ. ಲ್ಯಾಪ್‌ಟಾಪಿನ ವಿಷಯದಲ್ಲಿ ದೊಡ್ಡ ಖರ್ಚು ಅದು ಹುಟ್ಟುವ ಮೊದಲೇ ಆಗಿರುತ್ತದೆ. ಸಿಲಿಕಾನ್ ಶುದ್ಧ ಮಾಡುವುದು, ಚಿಪ್ ತಯಾರಿಸುವುದು, ಅಲ್ಯೂಮಿನಿಯಂ ಕರಗಿಸುವುದು, ಬ್ಯಾಟರಿ, ಸಾಗಣೆ. ಮನೆಗೆ ಬಂದ ಮೇಲೆ ಅದು ಎಳೆಯುವುದು 25 ವ್ಯಾಟ್ ಆಸುಪಾಸು. ದಿನಕ್ಕೆ 8 ಗಂಟೆ ಓಡಿಸಿದರೂ 0.2 ಯೂನಿಟ್. ಅದನ್ನು ಎಸೆದು ಹೊಸದು ತಂದರೆ ಕರೆಂಟಿನಲ್ಲಿ ಉಳಿಯುವುದು ಏನೂ ಇಲ್ಲ, ತಯಾರಿಕೆಯ ಖರ್ಚು ಮಾತ್ರ ಇನ್ನೊಮ್ಮೆ ಬೀಳುತ್ತದೆ.

ಈಗ ನಿಮ್ಮ ಸ್ಥಾವರದ ಯೂನಿಟ್ಟಿಗೆ, ಅಂದರೆ ಬಾಯ್ಲರ್, ಟರ್ಬೈನ್ ಸೇರಿದ ಒಂದು ಘಟಕಕ್ಕೆ ಬನ್ನಿ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಉಳಿದ ಓದುಗರಿಗಾಗಿ ಹೇಳುತ್ತೇನೆ. 210 ಮೆಗಾವ್ಯಾಟಿನ ಒಂದು ಯೂನಿಟ್ ಇಡೀ ದಿನ ಪೂರ್ತಿ ಲೋಡಿನಲ್ಲಿ ಓಡಿದರೆ ಸುಮಾರು 50 ಲಕ್ಷ ಯೂನಿಟ್ ವಿದ್ಯುತ್ತು. ನಮ್ಮ ದೇಶದ ಕಲ್ಲಿದ್ದಲಾದರೆ ಒಂದು ಯೂನಿಟ್ ವಿದ್ಯುತ್ತಿಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಬೇಕು. ಅಂದರೆ ದಿನಕ್ಕೆ 3,500 ಟನ್ ಹತ್ತಿರ, ಹೆಚ್ಚುಕಡಿಮೆ ಒಂದು ಪೂರ್ತಿ ಗೂಡ್ಸ್ ರೈಲು. ಅದರಲ್ಲಿ ಮೂರನೇ ಒಂದರಷ್ಟು ಬೂದಿಯಾಗಿ ಉಳಿಯುತ್ತದೆ. ಉರಿಸಿದ ಶಾಖದಲ್ಲಿ ಮೂರನೇ ಎರಡು ಭಾಗ ಕೂಲಿಂಗ್ ಟವರಿನಲ್ಲೋ ಚಿಮಣಿಯಲ್ಲೋ ಹೋಗಿಬಿಡುತ್ತದೆ. ಯರಮರಸ್‌ನ 800 ಮೆಗಾವ್ಯಾಟ್ ಯೂನಿಟ್ಟುಗಳು ಸೂಪರ್‌ಕ್ರಿಟಿಕಲ್, ಅಂದರೆ ಇನ್ನೂ ಹೆಚ್ಚಿನ ಒತ್ತಡ, ಶಾಖದ ಹಬೆಯಲ್ಲಿ ಓಡುವಂಥವು, ಆದ್ದರಿಂದ ಸ್ವಲ್ಪ ವಾಸಿ, ಆದರೆ ಅವುಗಳ ಹೊಟ್ಟೆಗೂ ಕಲ್ಲಿದ್ದಲೇ ಬೇಕು. ನಿಮ್ಮ ಬಾಯ್ಲರಿನ ಕಬ್ಬಿಣಕ್ಕೆ ಕೊಟ್ಟ ದುಡ್ಡು 1985ಕ್ಕೇ ಮುಗಿಯಿತು. ಅದನ್ನು ಉರಿಸುವ ಖರ್ಚು ಇವತ್ತು ಬೆಳಿಗ್ಗೆಯೂ ಬಿತ್ತು, ನಾಳೆಯೂ ಬೀಳುತ್ತದೆ.

ಹಳೇದು ಅನ್ನುವ ಕಾರಣಕ್ಕೇ ಯಾವುದೂ ಕೆಟ್ಟದ್ದಲ್ಲ, ಬೇಕಾದರೆ ಕೊಪ್ಪಳ ಜಿಲ್ಲೆಯ ಮುನಿರಾಬಾದಿಗೆ ಹೋಗಿ ನೋಡಿ. ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ವಿದ್ಯುತ್ ಮನೆ 1960ರ ದಶಕದ್ದು, ನಿಮ್ಮ ಸ್ಥಾವರಕ್ಕಿಂತ ಹಿರಿಯದು. ಇರುವುದು 28 ಮೆಗಾವ್ಯಾಟ್ ಅಷ್ಟೇ. ಆದರೆ ಹೇಗಿದ್ದರೂ ಕಾಲುವೆಗೆ ಬಿಡಬೇಕಾದ ನೀರು ಹೋಗುವ ದಾರಿಯಲ್ಲಿ ಟರ್ಬೈನ್ ತಿರುಗಿಸಿ ಹೋಗುತ್ತದೆ. ಅದನ್ನು ಮುಚ್ಚಿ ಅಂತ ನಮ್ಮ ಪ್ರೋಗ್ರಾಮರೂ ಹೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಹಳೇದನ್ನು ಇಟ್ಟುಕೊಂಡರೆ ಕೈಯಲ್ಲಿ ಎಣ್ಣೆ ಡಬ್ಬಿಯೂ ಇರಬೇಕು ಅನ್ನುವುದು ಬೇರೆ ಮಾತು. 2024ರ ಆಗಸ್ಟಿನಲ್ಲಿ ಅದೇ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಗಂಗಾವತಿ, ಸಿಂಧನೂರಿನ ಭತ್ತದ ರೈತರು ಆ ವಾರ ಹೇಗೆ ಕಳೆದರು ಅಂತ ನಮಗೆಲ್ಲ ಗೊತ್ತು. ಬ್ಯಾಂಕಿನ ಕೋಬಾಲಿಗೂ ಇದೇ ಅಪಾಯ ಇದೆ. 1959ರಲ್ಲಿ ಹುಟ್ಟಿದ ಭಾಷೆ, ಓಡುತ್ತಿದೆ ನಿಜ. ಬಲ್ಲವರೆಲ್ಲ ನಿವೃತ್ತರಾಗುತ್ತಿದ್ದಾರೆ. ಇದನ್ನು ಅವರು ಸಂದರ್ಶನದಲ್ಲಿ ಹೇಳಲಿಲ್ಲ.

ಇದೇ ಅಳತೆಯನ್ನು ಅವರ ಮೇಲೂ ಇಟ್ಟು ನೋಡೋಣ, ಅಲ್ವಾ? "ಯಾವ ಹಳೇ ಕಂಪ್ಯೂಟರೂ ಎಸೆಯಬೇಡಿ" ಅಂದರು. ಅದು ಜಾಸ್ತಿ ಆಯಿತು. ಡಬ್ಬಾ ಮಾನಿಟರ್ ಇರುವ ಹಳೇ ಡೆಸ್ಕ್‌ಟಾಪು 150 ವ್ಯಾಟ್ ಎಳೆಯುತ್ತದೆ. ಒಂದು ಡಿಟಿಪಿ ಅಂಗಡಿಯಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ 360 ಯೂನಿಟ್. ಲ್ಯಾಪ್‌ಟಾಪಿಗೆ 60 ಸಾಕು. ಉಳಿಯುವ 300 ಯೂನಿಟ್ಟಿಗೆ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ಸುಮಾರು 200 ಕಿಲೋ. ಇಂಥ ಕಡೆ ಬದಲಾಯಿಸುವುದೇ ಸರಿ. ಹೊಸದೇ ಆಗಬೇಕಿಲ್ಲ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಆದರೂ ಸಾಕು. ಅದೇ ಡೆಸ್ಕ್‌ಟಾಪು ವಾರಕ್ಕೊಮ್ಮೆ ಶಾಲೆಯಲ್ಲಿ ಹೊತ್ತಿಕೊಳ್ಳುವುದಾದರೆ ಇರಲಿ ಬಿಡಿ.

ಇನ್ನು ಅವರ ಸಿಟ್ಟಿನ ಮುಖ್ಯ ಕಾರಣ ಸಾಫ್ಟ್‌ವೇರ್ ಬೊಜ್ಜು, ಅಂದರೆ ಬೇಡದ ಭಾರ ಹೊತ್ತು ಯಂತ್ರವನ್ನು ನಿಧಾನ ಮಾಡುವ ತಂತ್ರಾಂಶ. ಇದನ್ನು ನೀವು ಪತ್ರದಲ್ಲಿ "ಮುದುಕರ ಗೊಣಗಾಟ" ಅಂತ ತಳ್ಳಿಹಾಕಿದ್ದೀರಿ. ಇಲ್ಲಿ ನಾನು ಪೂರ್ತಿ ಅವರ ಕಡೆ. ಪಾಸ್ಕಲ್ ಭಾಷೆ ಮಾಡಿದ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು: ಯಂತ್ರಗಳು ಚುರುಕಾಗುವ ವೇಗಕ್ಕಿಂತ ಸಾಫ್ಟ್‌ವೇರ್ ನಿಧಾನವಾಗುವ ವೇಗವೇ ಹೆಚ್ಚು ಅಂತ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಕಂಪ್ಯೂಟರಿನಲ್ಲಿ ಇರಬೇಕು. ಕೀಲಿಮಣೆ ಸರಿ, ಪರದೆ ಸರಿ, ಹಾರ್ಡ್ ಡಿಸ್ಕ್ ಸರಿ, ಆದರೂ ಯಂತ್ರ ನಿಯಮಕ್ಕೆ ಹೊಂದುವುದಿಲ್ಲ. ಅಂಥದ್ದಕ್ಕೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ವ್ಯವಸ್ಥೆ ಹಾಕಿಕೊಳ್ಳಿ ಅಂತ ಅವರು ಹೇಳಿದ್ದು ಒಳ್ಳೆಯ ಸಲಹೆ. ಪತ್ರ ಬರೆಯಲು, ಲೆಕ್ಕ ಇಡಲು, ಮಕ್ಕಳು ಪಾಠ ನೋಡಲು ಧಾರಾಳ ಸಾಕು.

ಎಷ್ಟು ಕಡಿಮೆಯಲ್ಲಿ ಎಷ್ಟು ಕೆಲಸ ಆಗುತ್ತದೆ ಅನ್ನುವುದಕ್ಕೆ ಅವರು ಅಮೆರಿಕದ ವಾಯೇಜರ್ ಬಾಹ್ಯಾಕಾಶ ನೌಕೆಯ ಹೆಸರು ಹೇಳಿ ಮುಂದೆ ಹೋದರು. ಆ ಕಥೆ ನಾನು ಬಿಡಿಸಿ ಹೇಳುತ್ತೇನೆ, ನಿಮ್ಮಂಥ ಯಂತ್ರದ ಮನುಷ್ಯರಿಗೆ ಹಿಡಿಸುತ್ತದೆ. 1977ರಲ್ಲಿ ಹಾರಿಸಿದ್ದು. ಅದರ ಕಂಪ್ಯೂಟರುಗಳ ಒಟ್ಟು ನೆನಪಿನ ಜಾಗ 70 ಕಿಲೋಬೈಟ್ ಕೂಡ ಇಲ್ಲ. 2023ರ ನವೆಂಬರಿನಲ್ಲಿ ವಾಯೇಜರ್-1 ಅರ್ಥವಿಲ್ಲದ ಮಾಹಿತಿ ಕಳಿಸತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಅದರಲ್ಲಿದ್ದ ಕೋಡನ್ನು ಬೇರೆಡೆ ಇಡೋಣ ಅಂದರೆ ಒಂದೇ ಕಡೆ ಅಷ್ಟು ಜಾಗ ಇಲ್ಲ. ಎಂಜಿನಿಯರುಗಳು ಅದನ್ನು ತುಂಡು ಮಾಡಿ, ಅಲ್ಲಲ್ಲಿ ಖಾಲಿ ಇದ್ದ ಮೂಲೆಗಳಲ್ಲಿ ಸೇರಿಸಿ, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವ ಹಾಗೆ ತಿದ್ದಿದರು. ಒಂದು ಆದೇಶ ಅಲ್ಲಿಗೆ ಮುಟ್ಟಲು 22 ಗಂಟೆಗೂ ಮೇಲೆ ಬೇಕು, ಉತ್ತರ ಬರಲು ಮತ್ತಷ್ಟೇ. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ಸರಿಯಾಗಿ ಮಾತಾಡಿತು. ಇತ್ತ ನಮ್ಮ ವಾಟ್ಸ್ಆ್ಯಪಿನಲ್ಲಿ ದಿನಾ ಬೆಳಿಗ್ಗೆ ಬರುವ ಒಂದು ಶುಭೋದಯದ ಚಿತ್ರಕ್ಕೆ ಆ ನೌಕೆಯಲ್ಲಿ ಜಾಗವೇ ಸಾಲದು!

ಬೊಜ್ಜು ಅಂದರೆ ಬರೀ ಫೋನು ನಿಧಾನ ಆಗುವ ಕಿರಿಕಿರಿ ಅಲ್ಲ, ಅದಕ್ಕೆ ವಿದ್ಯುತ್ತು ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಲ್ಲಿ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು, ಅಂದರೆ ಇಂಟರ್ನೆಟ್ ನಡೆಸುವ ಕಂಪ್ಯೂಟರುಗಳ ದೊಡ್ಡ ಕಟ್ಟಡಗಳು, ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. ಶಕ್ತಿನಗರದ ಎಂಟೂ ಯೂನಿಟ್ಟುಗಳು, 1,720 ಮೆಗಾವ್ಯಾಟ್, ವರ್ಷವಿಡೀ ಒಂದು ಕ್ಷಣವೂ ನಿಲ್ಲದೆ ಓಡಿದರೆ 1,500 ಕೋಟಿ. ಭಾಗಿಸಿ ನೋಡಿ, 27ಕ್ಕೂ ಹೆಚ್ಚು ಶಕ್ತಿನಗರ ಬೇಕು. ಎಸಿ ರೂಮಿನವರು ಅಂತ ನೀವು ಮೂದಲಿಸಿದ್ದೀರಿ. ಆದರೆ ಆ ರೂಮಿನಲ್ಲಿ ಬರೆದ ಕೋಡ್ ಎಷ್ಟು ಕಲ್ಲಿದ್ದಲು ಉರಿಸುತ್ತದೆ ಅಂತ ಒಪ್ಪಿಕೊಂಡವರೇ ಅವರು. ಅಷ್ಟು ಗೌರವ ಅವರಿಗೆ ಸಲ್ಲಬೇಕು.

ಹಳೇ ತಂತ್ರಜ್ಞಾನದ ಮೇಲಿನ ಅವರ ಪ್ರೀತಿಗೆ ನನ್ನದೊಂದು ತಕರಾರು ಇದೆ. ನಮ್ಮ ಕಡೆ ಎಷ್ಟೋ ಪ್ರೆಸ್ಸುಗಳಲ್ಲಿ ಈಗಲೂ ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಹಗುರ, ಚುರುಕು, ಹುಡುಗರ ಕೈಗೆ ಒಗ್ಗಿದೆ. ಆದರೆ ಅದರೊಳಗಿನ ಕನ್ನಡ ಆಸ್ಕಿ ಫಾಂಟಿನದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುವುದು ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಗೆ ಕಾಲು, ಗುಬ್ಬಿ ಕಾಲು. ಹುಡುಕಿದರೆ ಒಂದು ಪದ ಸಿಗುವುದಿಲ್ಲ. ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬದಲಿಸುವ ತಂತ್ರಾಂಶಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ, ಕೂತು ತಿದ್ದಬೇಕು. ಹಳೇ ಯಂತ್ರ ಇಟ್ಟುಕೊಳ್ಳೋಣ. ಬರಹವನ್ನು ಅದರೊಳಗೆ ಕೂಡಿಹಾಕುವುದು ಬೇಡ. 1991ರಿಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಇದೆ, ಇನ್ನೂ ಯಾಕೆ ತಡ?

ಈಗ ಸೋಲಾರ್. ಇಲ್ಲಿ ಅವರು ಸುಮ್ನೆ ಸಲೀಸಾಗಿ ಮಾತಾಡಿದರು. ಸ್ಥಾವರ ಮುಚ್ಚಿ ಅನ್ನುವುದು ಸುಲಭ, ಸಂಜೆ ಏಳು ಗಂಟೆಗೆ ದೀಪ ಹೊತ್ತಿಸುವವರು ಯಾರು? ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಜಲವಿದ್ಯುತ್ತು, ಗಾಳಿ ಎರಡೂ ಇರುವಾಗ ನಿಮ್ಮ ಯೂನಿಟ್ಟುಗಳನ್ನು ನಿಲ್ಲಿಸುತ್ತಾರೆ, ಮಾರ್ಚ್ ಬಂದರೆ ಮತ್ತೆ ನಿಮ್ಮ ಬಾಗಿಲಿಗೇ ಬರುತ್ತಾರೆ. ಸಂಗ್ರಹ ಬರುವವರೆಗೆ, ಅಂದರೆ ಬ್ಯಾಟರಿಯೋ ನೀರು ಮೇಲೆತ್ತಿ ಇಳಿಸುವ ಪಂಪ್ಡ್ ಸ್ಟೋರೇಜೋ ಸಾಕಷ್ಟು ಬರುವವರೆಗೆ, ಕಲ್ಲಿದ್ದಲಿನ ಕೆಲಸ ಮುಗಿಯುವುದಿಲ್ಲ. ಮುಚ್ಚುವುದಾದರೆ ಹಳೇ 210ರ ಯೂನಿಟ್ಟುಗಳಿಂದ ಶುರುವಾಗಿ ಒಂದೊಂದಾಗಿ ಮುಚ್ಚಬೇಕು. ಅಲ್ಲಿರುವ ಜಾಗ, ವಿದ್ಯುತ್ತನ್ನು ಲೈನಿಗೆ ಕೊಡುವ ಸ್ವಿಚ್‌ಯಾರ್ಡ್, ದೊಡ್ಡ ಲೈನುಗಳನ್ನು ಬ್ಯಾಟರಿಗೆ ಬಳಸಿಕೊಳ್ಳಬಹುದು ಅಂತ ನನ್ನ ಎಣಿಕೆ.

ಹಗಲಿನ ಬಿಸಿಲಿಗೆ ತಕ್ಕ ಕೆಲಸ ನಮ್ಮಲ್ಲೇ ಇದೆ, ಅದು ಪಂಪ್‌ಸೆಟ್ಟು. ರಾತ್ರಿ ತ್ರೀ ಫೇಸ್ ಕೊಟ್ಟು, ರೈತ ಟಾರ್ಚು ಹಿಡಿದು ಹಾವು ಚೇಳಿನ ನಡುವೆ ಮೋಟಾರ್ ಹಾಕಲು ಹೋಗುವ ಹಿಂಸೆ ಹಗಲು ಸೋಲಾರಿನಿಂದ ತಪ್ಪುತ್ತದೆ. ಪಂಪ್‌ಸೆಟ್ಟಿಗೆ ಸೋಲಾರ್ ಒದಗಿಸಲು ಕೇಂದ್ರ 2019ರಲ್ಲಿ ಶುರು ಮಾಡಿದ ಕುಸುಮ್ ಯೋಜನೆಯ ಒಳ್ಳೆಯ ಭಾಗ ಇದೇ.

ಬೂದಿ ನುಂಗಿದವರು ನಾವು ಅಂದಿರಲ್ಲ, ಆ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀವು ಹೇಳಿದ್ದು ಸರಿ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿ ಭೂಮಿ ಕೊಟ್ಟವರಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಇಲ್ಲ. ಶಕ್ತಿನಗರದಲ್ಲೂ ಕಾಯಂ ನೌಕರರಿಗೆ ವರ್ಗಾವಣೆ ಸಿಗಬಹುದು, ಬೂದಿ ಹೊರುವ ಗುತ್ತಿಗೆಯವರಿಗೆ ಏನು ಸಿಗುತ್ತದೆ? ಈ ಪ್ರಶ್ನೆ ಕೇಳದೆ ಶುದ್ಧ ಇಂಧನದ ಬಗ್ಗೆ ಮಾತಾಡುವವರ ಮೇಲೆ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಕೊನೆಗೆ ನಿಮ್ಮ ಮಾಳಿಗೆ. ತಿಂಗಳ ಬಳಕೆ ಗೃಹಜ್ಯೋತಿಯ ಮಿತಿಯೊಳಗೇ ಇದ್ದರೆ ದುಡ್ಡಿನ ಲೆಕ್ಕದಲ್ಲಿ ಸೋಲಾರಿನಿಂದ ಲಾಭ ಕಡಿಮೆ. ಆದರೆ ಹೊಸ ಮನೆ, ರಾಯಚೂರಿನ ಬೇಸಿಗೆ, ಎಸಿ ಹಾಕಿಸದೆ ಇರುತ್ತೀರಾ? 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗಿದ್ದರೆ 3 ಕಿಲೋವ್ಯಾಟ್ ಹಾಕಿಸಿ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ, ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ. ಹಾಕಿಸುವ ಮೊದಲು ಜೆಸ್ಕಾಂ ಕಚೇರಿಗೆ ಹೋಗಿ ನೆಟ್ ಮೀಟರಿನ (ನೀವು ಲೈನಿಗೆ ಕೊಟ್ಟ ಕರೆಂಟನ್ನೂ ಲೆಕ್ಕ ಹಾಕುವ ಮೀಟರು) ನಿಯಮ, ಗೃಹಜ್ಯೋತಿ ಜೊತೆ ಅದು ಹೇಗೆ ಹೊಂದುತ್ತದೆ ಅಂತ ಬಾಯಿಬಿಟ್ಟು ಕೇಳಿ. ಫಲಕದ ಮೇಲೆ ಬರೆದಿರುವ ಸಾಮರ್ಥ್ಯ 25 ಡಿಗ್ರಿಯಲ್ಲಿ ಅಳೆದದ್ದು. ಮೇ ತಿಂಗಳಲ್ಲಿ ನಮ್ಮ ಮಾಳಿಗೆ ಮೇಲೆ ಫಲಕ 65 ಡಿಗ್ರಿ ಮುಟ್ಟುತ್ತದೆ, ಆಗ ಏಳನೇ ಒಂದು ಭಾಗ ಇಳುವರಿ ಹೋದಂತೆಯೇ. ಅದಕ್ಕೇ ಮಾಳಿಗೆಗೆ ಅಂಟಿಸಿದ ಹಾಗೆ ಕೂರಿಸಲು ಬಿಡಬೇಡಿ, ಕೆಳಗೆ ಗಾಳಿ ಆಡುವಷ್ಟು ಎತ್ತರ ಇರಲಿ. ಧೂಳು ತೊಳೆಯುವುದು ಬೆಳಿಗ್ಗೆ ಬೇಗ. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ.

ಇನ್ನೊಂದು ಕೇಳಿಕೆ. ಯೂನಿಟ್ ಟ್ರಿಪ್ ಆದ, ಅಂದರೆ ತಟ್ಟನೆ ತಾನಾಗಿ ನಿಂತುಹೋದ ರಾತ್ರಿ ಕಂಟ್ರೋಲ್ ರೂಮಿನಲ್ಲಿ ಏನೇನು ನಡೆಯುತ್ತದೆ, ಬಾಯ್ಲರ್ ಮತ್ತೆ ಹೊತ್ತಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಅದನ್ನು ನೀವು ಬರೆದುಕೊಡಿ. ಎರಡು ಪುಟ ಇಡುತ್ತೇನೆ. ಕೈಬರಹ ಆದರೂ ಸರಿ. ಮೊಮ್ಮಗನಿಂದ ಟೈಪ್ ಮಾಡಿಸುವುದಾದರೆ ದಯವಿಟ್ಟು ಯೂನಿಕೋಡಿನಲ್ಲಿ.

- ಸಂಪಾದಕ